ಪೆಟ್ಟಿಗೆಯೊಳಗಿನ ಆಳು

ಕ್ಲೊರಿಂದಾಳ ಮಗಳ ಮದುವೆಗೆ ಇನ್ನು ಎಂಟು ದಿನ ಇದೆ ಎನ್ನುವಾಗ ಗಂಡಿನ ಕಡೆಯ ಏಳು ಹೆಂಗಸರು ಹೆಣ್ಣಿನ ಪೆಟ್ಟಿಗೆ ನೋಡಲು ಬಂದರು. ಬರಬೇಕಾದದ್ದು ನಾಲ್ಕಕ್ಕೆ, ಬಂದದ್ದು ಮೂರೂವರೆಗೆ. ಬೀಗರಾದವರಿಗೆ ಬೇಗ ಬರುವುದೂ ಒಂದು ಬಿಗುಮಾನವೇ. ಗಂಡಿನ ತಾಯಿ ದೊನಾತಾಳ ಕೈಯಲ್ಲಿ ಉದ್ದದ ಪಟ್ಟಿ ಇತ್ತು: ನಾರುಬಟ್ಟೆಯ ಹಾಸು ಹನ್ನೆರಡು ಜೊತೆ, ದಿಂಬಿನ ಚೀಲ ಇಪ್ಪತ್ತನಾಲ್ಕು, ಕೈಕಸೂತಿಯ ಮೇಜುಬಟ್ಟೆ ಆರು. ಒಂದೊಂದನ್ನೂ ಪೆಟ್ಟಿಗೆಯಿಂದ ಎತ್ತಿ, ಬೆಳಕಿಗೆ ಹಿಡಿದು, ಸಾಲದ್ದಕ್ಕೆ ಮೂಗಿಗೂ ಹಿಡಿದು, ಗಟ್ಟಿಯಾಗಿ ಹೆಸರು ಓದಿ ಗುರುತು ಹಾಕುವುದು ರೊಕ್ಕಸ್ಪೀನ ಊರಿನ ಪದ್ಧತಿ. ಹೀಗಾಗಿ ಇಲ್ಲಿಯ ಮದುವೆ ಪೆಟ್ಟಿಗೆಗೆ ಎರಡು ಪಟ್ಟಿ. ಒಂದು ಕಬ್ಬಿಣದ್ದು, ಇನ್ನೊಂದು ಬೀಗಿತಿಯ ಕೈಯಲ್ಲಿರುವುದು. ಯಾವುದು ಹೆಚ್ಚು ಬಿಗಿ ಎಂದು ಹೇಳುವುದು ಕಷ್ಟ.

ದೊನಾತಾ ಮುಚ್ಚಳದ ಮೇಲೆ ಹಾಸಿದ್ದ ಕಸೂತಿಬಟ್ಟೆ ಸರಿಸಿದಳು. ಚಿಲಕ ತೆಗೆದಳು. ಮುಚ್ಚಳ ಎತ್ತಿದಳು. ಎತ್ತಿದ್ದೇ ತಡ, ಒಳಗಿನಿಂದ ಮೂವತ್ತೆಂಟು ವರ್ಷದ, ನಾಲ್ಕೂಮುಕ್ಕಾಲು ಅಡಿಯ ಒಬ್ಬ ಗಂಡಸು ಚಿಮ್ಮಿ ಎದ್ದು, ಎರಡೂ ಕೈಗಳಿಂದ ಆಕೆಯ ಕುತ್ತಿಗೆ ತಬ್ಬಿಕೊಂಡ. ಅವನ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು.

ಆರು ಹೆಂಗಸರು ಕಿರುಚಿದರು. ದೊನಾತಾ ಕಿರುಚಲಿಲ್ಲ. ಕುತ್ತಿಗೆಯಲ್ಲಿ ಗಂಡಸನ್ನು ನೇತಾಡಿಸಿಕೊಂಡೇ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು.

"ಕ್ಲೊರಿಂದಾ, ಇದು ನಮ್ಮ ಪಟ್ಟಿಯಲ್ಲಿಲ್ವಲ್ಲೇ?"

ನಡೆದದ್ದು ಇಷ್ಟೇ. ಪೆಟ್ಟಿಗೆಯ ಹಿಂದಿನ ಬಿಜಾಗರಿ ಸಡಿಲವಾಗಿತ್ತು. ಬಟ್ಟೆಗಳನ್ನೆಲ್ಲ ಒಳಕೋಣೆಯ ಮಂಚದ ಮೇಲೆ ಪೇರಿಸಿ, ಕಮ್ಮಾರ ಎವಾಂದ್ರೊನನ್ನೂ ಅವನ ತಮ್ಮ ಸಿಲ್ವೇರಿಯೊನನ್ನೂ ಕರೆಸಿದ್ದರು. ಅಣ್ಣ ಮೊಳೆ ತರಲು ಕುಲುಮೆಗೆ ಹೋಗಿದ್ದ. ತಮ್ಮ ಒಳಗಿದ್ದ. ಬೀದಿಯಲ್ಲಿ ಬೀಗರ ದನಿ ಕೇಳಿದ ಕ್ಲೊರಿಂದಾ ಗಾಬರಿಬಿದ್ದು, ಮುಚ್ಚಳದ ಸಂದಿಯಲ್ಲಿದ್ದ ಮರದ ತುಂಡೊಂದನ್ನು ಕಿತ್ತೆಸೆದು, ಮುಚ್ಚಿ, ಚಿಲಕ ಹಾಕಿ, ಮೇಲೊಂದು ಕಸೂತಿಬಟ್ಟೆ ಹೊದಿಸಿ, ಬಾಗಿಲಿಗೆ ಓಡಿದ್ದಳು. ಒಳಗಿದ್ದವನ ನೆನಪೇ ಆಕೆಗೆ ಆಗಿರಲಿಲ್ಲ.

ಊರು ಮೂರು ದಿನ ನಕ್ಕಿತು. ಅವನ ಕಣ್ಣೀರು ನಾಚಿಕೆಯದು ಎಂದು ಎಲ್ಲರೂ ಅಂದುಕೊಂಡರು. ಅದು ನಾಚಿಕೆಯದಲ್ಲ, ಹೆದರಿಕೆಯದು ಎಂದು ಬಲ್ಲವನು ತಾನೊಬ್ಬನೇ ಎಂದು ಸಿಲ್ವೇರಿಯೊ ಎಣಿಸಿದ್ದ. ಮುಚ್ಚಿದ ಪೆಟ್ಟಿಗೆ ಎಂದರೆ ಅವನಿಗೆ ಸಾವಿನಷ್ಟು ಭಯ. ದುರದೃಷ್ಟಕ್ಕೆ, ಮುಚ್ಚಿದ ಪೆಟ್ಟಿಗೆಯೊಳಗೆ ಕೂರುವುದೇ ಅವನ ಕಸುಬು.

ನಮ್ಮ ಬೆಟ್ಟಗಳ ಹಳೆಯ ಪೆಟ್ಟಿಗೆಗಳಿಗೆ ತಿರುಪುಮೊಳೆ ಇಲ್ಲ. ಕಬ್ಬಿಣದ ಪಟ್ಟಿಯನ್ನು ಹೊರಗಿಟ್ಟು ಉದ್ದನೆಯ ಮೊಳೆ ಹೊಡೆದರೆ ಅದರ ಮೂತಿ ಒಳಗೆ ಇಣುಕುತ್ತದೆ. ಆ ಮೂತಿಗೆ ಒಳಗಿನಿಂದ ಒಬ್ಬರು ಕಬ್ಬಿಣದ ಗಟ್ಟಿಯನ್ನು ಆನಿಸಿ ಹಿಡಿಯಬೇಕು. ಹೊರಗಿನವನ ಏಟಿಗೆ ಮೊಳೆ ಮಡಚಿಕೊಂಡು ಮರವನ್ನು ಕಚ್ಚುತ್ತದೆ. ಮುನ್ನೂರು ವರ್ಷ ಬಿಡುವುದಿಲ್ಲ. ಬಿಜಾಗರಿ, ಬೀಗಗಳ ಅಳತೆಯನ್ನಂತೂ ಮುಚ್ಚಳ ಮುಚ್ಚಿಯೇ ನೋಡಬೇಕು. ಆದ್ದರಿಂದ ಕಮ್ಮಾರನ ಮನೆಯಲ್ಲಿ ಒಬ್ಬ ಹೊರಗಿನ ಆಳು, ಒಬ್ಬ ಒಳಗಿನ ಆಳು. ಹೊರಗಿನವನಿಗೆ ಹೆಸರು, ಒಳಗಿನವನಿಗೆ ಉಸಿರು, ಅದೂ ಅರ್ಧವೇ.

ಸಿಲ್ವೇರಿಯೊನನ್ನು ಅಪ್ಪ ಮೊದಲು ಒಳಗಿಳಿಸಿದ್ದು ಅವನ ಹನ್ನೆರಡನೆಯ ವಯಸ್ಸಿನಲ್ಲಿ. ಆಮೇಲೆ ಅವನು ಬೆಳೆಯಲೇ ಇಲ್ಲ. ಅಮ್ಮ ಅದಕ್ಕೆ ಅತ್ತಳು. ಅಪ್ಪ ಮಾತ್ರ, ಸುತ್ತಿಗೆ, ಇಕ್ಕಳಗಳ ಜೊತೆಗೆ ದೇವರು ಇನ್ನೊಂದು ಉಪಕರಣ ಕೊಟ್ಟ ಎಂದು ಮೇಣದಬತ್ತಿ ಹಚ್ಚಿದ. ಅಪ್ಪ ಸತ್ತ ಮೇಲೆ ಸುತ್ತಿಗೆ ಅಣ್ಣನ ಕೈಗೆ ಬಂತು, ಪೆಟ್ಟಿಗೆ ತಮ್ಮನ ಪಾಲಿಗೆ ಉಳಿಯಿತು. ಇಪ್ಪತ್ತಾರು ವರ್ಷಗಳಲ್ಲಿ ಸುತ್ತಲಿನ ಏಳೂರಿನ ಪೆಟ್ಟಿಗೆಗಳನ್ನೆಲ್ಲ ಅವನು ಒಳಗಿನಿಂದ ಬಲ್ಲ. ಧಾನ್ಯದ ಪೆಟ್ಟಿಗೆಯಲ್ಲಿ ಇಲಿಯ ವಾಸನೆ, ಮದುವೆಯದರಲ್ಲಿ ಲ್ಯಾವೆಂಡರ್ ಹೂವಿನದು, ಮುದುಕಿಯರ ಪೆಟ್ಟಿಗೆಯಲ್ಲಿ ಮಾತ್ರ ಕರ್ಪೂರದ ವಾಸನೆ. ಸತ್ತಾಗ ಉಡಿಸಬೇಕಾದ ಬಟ್ಟೆ ತಳದಲ್ಲಿ ಮಡಿಸಿಟ್ಟಿರುತ್ತಾರಲ್ಲ, ಅದಕ್ಕೆ. ಆ ಬಟ್ಟೆ ಹೊರಗೆ ತೆಗೆದಿಟ್ಟಿದ್ದರೂ ವಾಸನೆ ಒಳಗೇ ಕೂತಿರುತ್ತಿತ್ತು, ಅವನ ಪಕ್ಕದಲ್ಲಿ.

ಪೂರ್ತಿ ಮುಚ್ಚಿದ ಪ್ರತಿ ಸಲವೂ ಒಂದೇ ಕಥೆ. ಮುಚ್ಚಳ ಇಳಿಯುತ್ತಿದ್ದಂತೆ ಬೆಳಕು ಗೆರೆಯಾಗುತ್ತದೆ, ಗೆರೆ ದಾರವಾಗುತ್ತದೆ, ದಾರ ಕಡಿಯುತ್ತದೆ. ನಾಲಗೆ ಅಂಗುಳಿಗೆ ಅಂಟುತ್ತದೆ. ಎದೆಯೊಳಗೆ ಇನ್ನೊಬ್ಬ ಕಮ್ಮಾರ ಕೆಲಸಕ್ಕೆ ಕೂರುತ್ತಾನೆ. ಪೆಟ್ಟಿಗೆಯ ಕೆಲಸದಲ್ಲಿ ಪೆಟ್ಟು ತಪ್ಪಿದ್ದಲ್ಲ, ಆದರೆ ಹೊರಗಿನ ಪೆಟ್ಟಿಗಿಂತ ಒಳಗಿನದು ಜೋರು. ಅದಕ್ಕೇ ಅವನು ಚೆರ್ರಿ ಮರದ ಒಂದು ಬೆಣೆ ಮಾಡಿಕೊಂಡಿದ್ದ. ಒಳಗೆ ಇಳಿಯುವ ಮುಂಚೆ ಅದನ್ನು ಅಂಚಿಗೆ ಸಿಕ್ಕಿಸುತ್ತಿದ್ದ. ಒಂದು ಬೆರಳಿನಷ್ಟು ಬೆಳಕು ಉಳಿಯುತ್ತಿತ್ತು. ಯಾಕೆಂದು ಕೇಳಿದವರಿಗೆ, "ಮರ ಉಸಿರಾಡಬೇಕು" ಎನ್ನುತ್ತಿದ್ದ. ಇದೇನೋ ಕಸುಬಿನ ಗುಟ್ಟಿರಬೇಕೆಂದು ನೆರೆಯೂರಿನ ಕಮ್ಮಾರರೂ ಬೆಣೆ ಇಡಲು ಶುರುಮಾಡಿದ್ದರು.

ಇದಕ್ಕಿಂತ ದೊಡ್ಡ ಪೇಚು ಇನ್ನೊಂದಿತ್ತು. ಊರಿನ ಕಣ್ಣಿಗೆ ಸಿಲ್ವೇರಿಯೊ ಮಹಾ ಗುಂಡಿಗೆಯವನು. ಯುದ್ಧದ ಕೊನೆಯ ಚಳಿಗಾಲ ಜರ್ಮನರು ಮನೆಮನೆ ಹೊಕ್ಕು ಗಂಡಸರನ್ನು ಎಳೆದೊಯ್ಯುತ್ತಿದ್ದಾಗ ಅಣ್ಣ ಅವನಿಗೆ ಹೇಳಿದ್ದ: "ನಿನಗೇನೋ ಚಿಂತೆ? ಧಾನ್ಯದ ಪೆಟ್ಟಿಗೆಯಲ್ಲಿ ಕೂತ್ಕೋ, ಮೇಲೆ ಜೋಳ ಸುರೀತೀನಿ." ಸಿಲ್ವೇರಿಯೊ ಬಿಳಿಚಿಕೊಂಡು, ಮಾತಾಡದೆ, ಹಿಮ ಬಿದ್ದ ಬೆಟ್ಟಕ್ಕೆ ಹೋಗಿ ತೋಳಗಳ ನಡುವೆ ಐದು ದಿನ ಇದ್ದು ಬಂದ. ಬಚ್ಚಿಟ್ಟುಕೊಳ್ಳಲು ಒಪ್ಪದ ವೀರ ಎಂದು ಊರು ಅವನನ್ನು ಹೆಗಲ ಮೇಲೆ ಹೊತ್ತಿತು. ಹೆಗಲು ಎತ್ತರದಲ್ಲಿತ್ತು, ಸುತ್ತ ಗಾಳಿಯಿತ್ತು. ಅವನೂ ಸುಮ್ಮನಿದ್ದ. ಹಾಗೆ ಸುಮ್ಮನಿದ್ದು ಹನ್ನೆರಡು ವರ್ಷವಾಗಿತ್ತು.

ದೊನಾತಾಳ ಕುತ್ತಿಗೆಯ ಪ್ರಸಂಗವಾದ ಸಂಜೆ ಅವನು ತೀರ್ಮಾನ ಮಾಡಿದ. ಸಾಕು. ಅಣ್ಣನಿಗೆ ಹೇಳಿಬಿಡಬೇಕು. "ನನಗೆ ಹೆದರಿಕೆ ಅಣ್ಣ. ಇನ್ನು ನಾನು ಒಳಗೆ ಇಳಿಯಲ್ಲ." ಇಷ್ಟೇ ಮಾತು. ಕತ್ತೆಯ ಮುಂದೆ ಎರಡು ಸಲ ಹೇಳಿ ಅಭ್ಯಾಸ ಮಾಡಿದ. ಕತ್ತೆಗೇನೂ ಅಭ್ಯಂತರವಿರಲಿಲ್ಲ.

ಊಟಕ್ಕೆ ಕೂತಾಗ ಕಡಲೆಕಾಳಿನ ಸಾರು ಬಡಿಸಿಕೊಂಡು ಬಾಯಿ ತೆರೆದ. "ಅಣ್ಣಾ, ಒಂದು ಮಾತು..."

"ನಾನು ಮೊದಲು ಹೇಳ್ತೀನಿ ಇರು," ಎಂದ ಎವಾಂದ್ರೊ. ಅವನ ಮುಖ ಒಲೆಯ ಹಾಗೆ ಹೊಳೆಯುತ್ತಿತ್ತು. "ಪಾದ್ರಿಗಳು ಕರೆಸಿದ್ರು. ಮೂರು ಬೀಗದ ಪೆಟ್ಟಿಗೆ ನಮಗೇ ಅಂತೆ! ಅಪ್ಪ ಜೀವಮಾನವಿಡೀ ಕಾದ್ರೂ ಬರಲಿಲ್ಲ ಆ ಕೆಲಸ. ನಾನಂದೆ, ಹೊರಗಿನ ಕೆಲಸ ಯಾವ ಕತ್ತೆಯೂ ಮಾಡುತ್ತೆ ಸ್ವಾಮಿ, ಒಳಗೆ ನನ್ನ ಸಿಲ್ವೇರಿಯೊ ಇದ್ದಾನೆ, ಅದಕ್ಕೆ ಒಪ್ಕೋತಿದೀನಿ ಅಂತ. ಹೂಂ, ನೀನೇನೋ ಹೇಳ್ತಿದ್ಯಲ್ಲ?"

"ಉಪ್ಪು ಕಡಿಮೆಯಾಗಿದೆ ಅಂದೆ," ಎಂದ ಸಿಲ್ವೇರಿಯೊ.

ಮೂರು ಬೀಗದ ಪೆಟ್ಟಿಗೆ ಎಂದರೆ ಊರಿನ ಪ್ರಾಣ. ರೊಕ್ಕಸ್ಪೀನದ ಹೆಸರಿನಲ್ಲಿ ರೊಕ್ಕ ಇದೆಯೇ ಹೊರತು ಊರಿನಲ್ಲಿ ಎಂದೂ ಇರಲಿಲ್ಲ. ಇದ್ದದ್ದು ಮಾತೆ ಮೇರಿಯ ಒಂದು ಬೆಳ್ಳಿ ಕಿರೀಟ, ಹರಕೆಯ ಕಿವಿಯೋಲೆಗಳು, ಜಮೀನಿನ ಹಳೆಯ ಪತ್ರಗಳು. ನಾನ್ನೂರು ವರ್ಷದ ಹಿಂದೆ ಯಾರೂ ಯಾರನ್ನೂ ನಂಬದ ಕಾರಣ ಅವನ್ನೆಲ್ಲ ಅಕ್ರೋಟು ಮರದ ಒಂದು ಭಾರಿ ಪೆಟ್ಟಿಗೆಯಲ್ಲಿಟ್ಟು ಮೂರು ಬೀಗ ಜಡಿದರು. ಒಂದು ಕೀಲಿ ಚರ್ಚಿನದು, ಒಂದು ಧರ್ಮಸಂಘದ್ದು, ಒಂದು ಊರಿನ ಪಂಚಾಯಿತಿಯದು. ಈಗಲೂ ಯಾರೂ ಯಾರನ್ನೂ ನಂಬದ ಕಾರಣ ಪದ್ಧತಿ ಹಾಗೆಯೇ ಉಳಿದಿತ್ತು. ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಕೊನೆಗೆ ಹಾಕಿದ ಬೀಗವನ್ನೇ ಮೊದಲು ತೆರೆಯಬೇಕು. ಇದು ಬರಹದಲ್ಲಿದ್ದ ನಿಯಮ.

ಹತ್ತು ದಿನ ಕೆಲಸ ನಡೆಯಿತು. ಮೂರೂ ಬೀಗ ಬಿಚ್ಚಿ, ತುಕ್ಕು ಕೆರೆದು, ಮೇಲೆ ಕಬ್ಬಿಣದ ಗೂಡು ಮುಚ್ಚಿ, ಹೊಸ ಮೊಳೆ ಕಚ್ಚಿಸಿದರು. ಆ ಹತ್ತು ದಿನವೂ ಬೆಣೆ ಇತ್ತು, ಬೆರಳಿನಷ್ಟು ಬೆಳಕಿತ್ತು. ಹನ್ನೊಂದನೆಯ ದಿನ ಪರೀಕ್ಷೆ. ಬೀಗದ ನಾಲಗೆಗಳು ಮುಚ್ಚಳದ ಕೊಂಡಿಗಳಲ್ಲಿ ಸರಿಯಾಗಿ ಕೂರುತ್ತವೆಯೇ ಎಂದು ಒಬ್ಬ ಒಳಗಿದ್ದು ನೋಡಬೇಕು. ಮುಚ್ಚಳ ಪೂರ್ತಿ ಮುಚ್ಚಬೇಕು. ಬೆಣೆ ಇಡುವಂತಿಲ್ಲ.

ಚರ್ಚಿನ ಪಕ್ಕದ ಕೋಣೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಮೂವರು ಕೀಲಿಗಾರರೂ ನೆರೆದರು: ಪಾದ್ರಿ ದೊನ್ ಕಲ್ಲಿಸ್ತೊ, ಧರ್ಮಸಂಘದ ಹಿರಿಯ ಔಷಧಿ ಅಂಗಡಿಯ ಪಾಂಫಿಲೊ, ಪಂಚಾಯಿತಿಯ ಪರವಾಗಿ ಎಣ್ಣೆಗಾಣದ ಬೆರಾರ್ದಿನೊ. ಸಿಲ್ವೇರಿಯೊ ಟಾರ್ಚನ್ನೂ ಕಬ್ಬಿಣದ ಗಟ್ಟಿಯನ್ನೂ ಹಿಡಿದು ಒಳಗೆ ಇಳಿದ. ಮೊಣಕಾಲು ಗಲ್ಲಕ್ಕೆ ತಾಗಿತು. ಇನ್ನೂ ಹೇಳಬಹುದಿತ್ತು. "ಅಣ್ಣಾ" ಎಂದ.

"ಏನೋ?"

"ಬೇಗ ಮುಗಿಸು."

"ಎರಡು ನಿಮಿಷ. ನಾಲಗೆ ಕೂತರೆ ಒಂದು ಸಲ ತಟ್ಟು," ಎಂದು ಎವಾಂದ್ರೊ ಮುಚ್ಚಳ ಇಳಿಸಿದ.

ಬೆಳಕಿನ ದಾರ ಕಡಿಯಿತು. ಪಾದ್ರಿಗಳ ಕೀಲಿ ತಿರುಗಿತು. ಟಾರ್ಚಿನ ಬೆಳಕಲ್ಲಿ ಕಬ್ಬಿಣದ ನಾಲಗೆ ಹೊರಬಂದು ಕೊಂಡಿಯನ್ನು ಕಚ್ಚಿತು. ಸಿಲ್ವೇರಿಯೊ ತಟ್ಟಿದ. ಪಾಂಫಿಲೊನ ಕೀಲಿ ತಿರುಗಿತು, ಎರಡನೆಯದೂ ಕಚ್ಚಿತು, ತಟ್ಟಿದ. ಬೆರಾರ್ದಿನೊನ ಕೀಲಿ ತಿರುಗುವ ಹೊತ್ತಿಗೆ ಟಾರ್ಚು ಮಿಣುಕಿ, ಕೆಂಪಾಗಿ, ಆರಿಹೋಯಿತು. ಅವನು ಅದನ್ನು ತೊಡೆಗೆ ಬಡಿದ. ಹತ್ತಲಿಲ್ಲ.

ಹೊರಗೆ ಆಗಲೇ ಮಾತು ಶುರುವಾಗಿತ್ತು.

"ಸರಿ, ಈಗ ತೆರೆಯೋಣ. ಕೊನೆಗೆ ಹಾಕಿದ್ದು ನಾನು, ಮೊದಲು ತೆರೆಯೋನು ನಾನು," ಎಂಬುದು ಬೆರಾರ್ದಿನೊನ ದನಿ.

"ಅದ್ಹೇಗ್ರೀ?" ಎಂದ ಪಾಂಫಿಲೊ. "ಮೊದಲು ತೆರೆಯೋ ಗೌರವ ಸಂಘದ್ದು. ನಮ್ಮ ತಾತನ ಕಾಲದಿಂದ ಹಾಗೇ ಬಂದಿದೆ. ಹಾಗಾದ್ರೆ ಕೊನೆಗೆ ಹಾಕಬೇಕಾದ್ದು ನಾನು. ಇನ್ನೊಂದ್ಸಲ ಹಾಕಿ ತೆಗೆಯೋಣ."

"ನಿಮ್ಮ ತಾತ ಮಾರಿದ್ದು ಜಂತುಹುಳದ ಔಷಧಿ. ಗೌರವ ಅಂತೆ!"

"ನಿನ್ನ ತಾತ ಮಾರಿದ ಎಣ್ಣೆ ತಿಂದೇ ಊರಿಗೆ ಜಂತುಹುಳ ಬಂದದ್ದು!"

"ನೋಡಿ ಪಾದ್ರಿಗಳೇ, ಕೇಳಿದ್ರಲ್ಲ? ನಿಯಮ ನಿಯಮ. ಈತ ಕ್ಷಮೆ ಕೇಳೋವರೆಗೂ ನನ್ನ ಬೀಗ ತೆರೆಯಲ್ಲ. ನನ್ನದು ತೆರೆಯದೆ ನಿಮ್ಮದು ಮುಟ್ಟೋ ಹಾಗಿಲ್ಲ. ನಾನು ತೋಟಕ್ಕೆ ಹೋಗ್ತಿದೀನಿ, ಕಾಯಿ ಬಡಿಯೋ ಆಳು ಕಾಯ್ತಿದಾರೆ!"

ಬಾಗಿಲು ಬಡಿದ ಸದ್ದು ಅಕ್ರೋಟು ಮರದ ಮೂಲಕ ಸಿಲ್ವೇರಿಯೊನ ಬೆನ್ನುಮೂಳೆಗೆ ಇಳಿಯಿತು. ಬೆರಾರ್ದಿನೊನ ಆಲಿವ್ ತೋಟ ಕಣಿವೆಯ ಆಚೆ ಬದಿಗಿದೆ. ಹೋಗಿ ಬರಲು ಒಂದೂವರೆ ಗಂಟೆ.

ಅವನು ಕೂಗಲು ಬಾಯಿ ತೆರೆದ. ದನಿ ಬರಲಿಲ್ಲ. ಗಂಟಲಿಗೇ ಯಾರೋ ನಾಲ್ಕನೆಯ ಬೀಗ ಹಾಕಿದ್ದರು. ಮುಚ್ಚಳಕ್ಕೆ ತಲೆ ಕೊಟ್ಟು ಒತ್ತಿದ. ಮೂರು ಮಣ ಮರ, ಅದರ ಮೇಲೆ ಕಬ್ಬಿಣ. ಕಾಲು ಚಾಚಿದರೆ ಗೋಡೆ, ಕೈ ಚಾಚಿದರೆ ಗೋಡೆ. ತನ್ನ ಉಸಿರೇ ಹೋಗಿ ಮರಕ್ಕೆ ಬಡಿದು ಬಿಸಿಯಾಗಿ ಮುಖಕ್ಕೆ ವಾಪಸಾಗುತ್ತಿತ್ತು. ಅಮ್ಮನನ್ನು ಹೂಳುವಾಗ ಪೆಟ್ಟಿಗೆಯ ಮೇಲೆ ಬಿದ್ದ ಮೊದಲ ಮಣ್ಣುಹೆಂಟೆಯ ಸದ್ದು ಅವನಿಗೆ ಕೇಳಿಸಿತು. ಅದು ಹೆಂಟೆಯಲ್ಲ, ಹೊರಗೆ ಅಣ್ಣ ದೊಡ್ಡ ಸುತ್ತಿಗೆಯನ್ನು ನೆಲಕ್ಕೆ ಊರಿದ ಸದ್ದು.

"ಒಡೀತೀನಿ!" ಎಂದ ಎವಾಂದ್ರೊ.

"ಮುಟ್ಟಿದ್ರೆ ನೋಡು!" ಪಾಂಫಿಲೊ ಪೆಟ್ಟಿಗೆಯನ್ನು ಅಪ್ಪಿಕೊಂಡು ಅದರ ಮೇಲೆಯೇ ಬಿದ್ದಿರಬೇಕು, ದನಿ ನೇರ ತಲೆಯ ಮೇಲಿನಿಂದ ಬಂತು. "ನಾನ್ನೂರು ವರ್ಷದ ಮಾಲು! ಒಳಗಿರೋದು ಯಾರು? ತೋಳಕ್ಕೆ ಹೆದರದ ಸಿಲ್ವೇರಿಯೊ. ಅವನಿಗೆ ಒಂದು ಗಂಟೆ ಯಾವ ಲೆಕ್ಕ? ನಿದ್ದೆ ಮಾಡ್ತಿರ್ತಾನೆ."

"ಪಾದ್ರಿಗಳೇ, ನಿಮ್ಮಿಬ್ಬರ ಕೀಲಿನಾದ್ರೂ ತಿರುಗಿಸಿ..." ಎಂದು ಎವಾಂದ್ರೊ ಅಂಗಲಾಚಿದ.

"ಮೂರನೆಯದು ತೆರೆಯದೆ ಹೇಗಪ್ಪ? ಬರೆದಿದೆಯಲ್ಲ," ಎಂದರು ದೊನ್ ಕಲ್ಲಿಸ್ತೊ. "ನೀನೇ ಓಡು, ಎವಾಂದ್ರೊ. ಬೆರಾರ್ದಿನೊನ ಕೈಕಾಲು ಹಿಡಿದು ಕರ್ಕೊಂಡು ಬಾ."

ಅಣ್ಣನ ಹೆಜ್ಜೆಗಳು ದೂರವಾದವು. ಕ್ಲೊರಿಂದಾಳ ಮನೆಯಲ್ಲಾದ ಹಾಗೆ ಇಲ್ಲಿಯೂ ಮುಚ್ಚಿದ ಪೆಟ್ಟಿಗೆಯ ಹೊರಗೆ ಅಣ್ಣ ಇರಲಿಲ್ಲ. ಆ ಹೆಜ್ಜೆಗಳೊಂದಿಗೆ ಅವನ ಕೊನೆಯ ಧೈರ್ಯವೂ ಮೆಟ್ಟಿಲಿಳಿದು ಹೋಯಿತು. ಹಲ್ಲು ಕಟಕಟಿಸತೊಡಗಿತು. ಷರಟಿನ ತೋಳನ್ನು ಬಾಯಿಗೆ ತುರುಕಿಕೊಂಡ. ಬಾಯಿಗೆ ಬಂದ ಸಂತರನ್ನೆಲ್ಲ ಕರೆದ. ಸಂತರು ಮುಗಿದ ಮೇಲೆ ಊರವರ ಹೆಸರು ಹಿಡಿದ. ಕೈ ತಾನಾಗಿ ಮುಂಗಡೆಯ ಹಲಗೆಯನ್ನು ತಡವುತ್ತಾ ಹೋಯಿತು: ಮೊದಲ ಬೀಗದ ಗೂಡು, ನಾಲಗೆ, ಎರಡನೆಯದರ ಗೂಡು, ನಾಲಗೆ. ಮೂರನೆಯದರ ಗೂಡು, ಮೋಟು ನಾಲಗೆ, ಅಲ್ಲೇ ಬೆರಳಿಗೆ ತಣ್ಣನೆಯ ಗಾಳಿ ಸೋಕಿತು. ಕೀಲಿಕಂಡಿ! ಮಗು ಮೊಲೆಗೆ ಬಾಯಿ ಕೊಡುವಂತೆ ಅವನು ಆ ಕಂಡಿಗೆ ಬಾಯಿ ಕೊಟ್ಟ.

ಸುದ್ದಿ ಊರಿಗೆ ಹಬ್ಬಲು ಒಂದೂವರೆ ಗಂಟೆ ಬೇಕಾಗಲಿಲ್ಲ. ಕೋಣೆ ತುಂಬಿತು. ಜಪಸರಗಳು ಹೊರಬಂದವು. ಯಾರೋ ಕೂಸಿಗೆ ಹಾಲೂಡಿಸುತ್ತಿದ್ದರು. ಔಷಧಿ ಅಂಗಡಿ ಮುಚ್ಚಿದ್ದಕ್ಕೆ ಯಾರೋ ಬೈಯುತ್ತಿದ್ದರು. ಅಷ್ಟರಲ್ಲಿ ಕೀಲಿಕಂಡಿ ಕತ್ತಲಾಯಿತು, ಗಾಳಿ ನಿಂತಿತು. ಸಿಲ್ವೇರಿಯೊ ಸತ್ತೇಹೋದೆ ಎಂದುಕೊಂಡ. ಕತ್ತಲಾದದ್ದು ಅಲ್ಲಿ ಯಾರೋ ತುಟಿ ಇಟ್ಟಿದ್ದರಿಂದ.

"ಲೋ, ಪಟ್ಟಿಯಲ್ಲಿಲ್ಲದ ಮಾಲೇ," ಎಂದಿತು ದೊನಾತಾಳ ದನಿ. "ಬದುಕಿದ್ದೀಯಾ?"

ಅವನು ಕಬ್ಬಿಣದ ಗಟ್ಟಿಯಿಂದ ತಟ್ಟಿದ.

"ಬದುಕಿದ್ದಾನೆ!" ಎಂದು ಆಕೆ ಊರಿಗೆ ಸಾರಿದಳು. ಆಮೇಲೆ ಕಂಡಿಗೆ ಬಾಯಿಟ್ಟು, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದಳು: "ಅವತ್ತು ನನ್ನ ಕುತ್ತಿಗೆ ಹಿಡ್ಕೊಂಡೆಯಲ್ಲ, ಅವತ್ತೇ ಗೊತ್ತಾಯ್ತು ನನಗೆ. ನಾಚಿಕೆಗೆ ಯಾರೂ ಹಾಗೆ ಹಿಡ್ಕೊಳಲ್ಲಪ್ಪ. ಐದು ಹೆತ್ತಿದೀನಿ, ಹೆದರಿಕೆ ಹ್ಯಾಗಿರುತ್ತೆ ಅಂತ ಗೊತ್ತು. ಇಲ್ಲೇ ಕೂತಿರ್ತೀನಿ. ನಾನು ಮಾತಾಡೋವಾಗ ನೀನು ಉಸಿರು ಬಿಡು, ನಾನು ಸರಿದಾಗ ಎಳ್ಕೋ. ಸರಿಯಾ?"

ಅವನು ತಟ್ಟಿದ. ಆಮೇಲಿನ ಒಂದು ಗಂಟೆ ಅವನು ಬದುಕಿದ್ದು ದೊನಾತಾ ಮಗನ ಮದುವೆಯ ಪಟ್ಟಿ ಓದಿದ ಲಯದಲ್ಲಿ. "ಹಾಸು ಹನ್ನೆರಡು ಜೊತೆ." ಉಸಿರು ಬಿಟ್ಟ. ಆಕೆ ಸರಿದಳು, ಎಳೆದುಕೊಂಡ. "ದಿಂಬಿನ ಚೀಲ ಇಪ್ಪತ್ತನಾಲ್ಕು, ಅದರಲ್ಲಿ ಎರಡು ತೂತು, ಕ್ಲೊರಿಂದಾ ಹಳೇದು ಸೇರಿಸಿದಾಳೆ, ನಾನು ಹೇಳಲಿಲ್ಲ." ಬಿಟ್ಟ. ಎಳೆದುಕೊಂಡ. ಮೂರು ಸಲ ಪಟ್ಟಿ ಮುಗಿಯಿತು. ನಾಲ್ಕನೆಯ ಸಲ ಮೇಜುಬಟ್ಟೆಗೆ ಬರುವ ಹೊತ್ತಿಗೆ ಆಕೆಯ ದನಿ ದೂರವಾಗತೊಡಗಿತು. ಕಾಲು ಎಲ್ಲಿದೆ, ಕೈ ಎಲ್ಲಿದೆ ಎಂದು ಅವನಿಗೆ ತಿಳಿಯದಾಯಿತು. ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಕಪ್ಪು. ತಟ್ಟಲು ಗಟ್ಟಿ ಎತ್ತಿದ; ಅದು ಕೈಯಿಂದ ಜಾರಿತು.

"ತಟ್ಟೋ," ಎಂದಳು ದೊನಾತಾ. "ಸಿಲ್ವೇರಿಯೊ! ತಟ್ಟೋ! ಅಯ್ಯೋ, ತಟ್ತಾ ಇಲ್ಲ ಇವನು!"

ಆಗ ಬಾಗಿಲು ದಡಾರೆಂದು ತೆರೆದುಕೊಂಡಿತು. ಎವಾಂದ್ರೊ ಎಣ್ಣೆಗಾಣದ ಬೆರಾರ್ದಿನೊನನ್ನು ಎಣ್ಣೆಯ ಪೀಪಾಯಿಯಂತೆ ಹೆಗಲ ಮೇಲೆ ಹೊತ್ತು ತಂದು ಪೆಟ್ಟಿಗೆಯ ಮುಂದೆ ಇಳಿಸಿದ. ಪಾಂಫಿಲೊ ಬಿಳಿಚಿಕೊಂಡಿದ್ದ. "ಕ್ಷಮಿಸು ಮಾರಾಯ, ನಿನ್ನ ತಾತನ ಎಣ್ಣೆ ಚಿನ್ನ," ಎಂದ. ಬೆರಾರ್ದಿನೊ ಕೀಲಿ ತಿರುಗಿಸಿದ. ಆಮೇಲೆ ಪಾಂಫಿಲೊ. ಆಮೇಲೆ ಪಾದ್ರಿಗಳು. ಎಂಟು ಕೈಗಳು ಒಟ್ಟಿಗೆ ಮುಚ್ಚಳ ಎತ್ತಿದವು.

ಸಿಲ್ವೇರಿಯೊನನ್ನು ಎತ್ತಿ ಕಿಟಕಿಯ ಕೆಳಗೆ ಕೂರಿಸಿದರು. ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು. ತುಟಿಯ ಸುತ್ತ ಕೀಲಿಕಂಡಿಯ ತುಕ್ಕಿನ ಉಂಗುರ ಮೂಡಿತ್ತು. ಬಾಯಿಗೆ ವೈನ್ ಹನಿಸಿದರು, ಬೆನ್ನು ನೀವಿದರು. ದೊನಾತಾ ಎವಾಂದ್ರೊನ ತೋಳು ಹಿಡಿದೆಳೆದು ಕಿವಿಯಲ್ಲಿ ಏನೋ ಹೇಳಿದಳು. ಹೇಳುತ್ತಿದ್ದಂತೆ ಆ ಆಜಾನುಬಾಹುವಿನ ಮುಖ ಒಂದೊಂದೇ ಗೆರೆ ಕುಸಿಯಿತು. ಅವನು ಬಂದು ತಮ್ಮನ ಮುಂದೆ ಮೊಣಕಾಲೂರಿದ. ಮೊಣಕಾಲೂರಿದರೂ ಅವನೇ ಎತ್ತರವಿದ್ದ.

"ಇಪ್ಪತ್ತಾರು ವರ್ಷ," ಎಂದ. "ನನ್ನ ಕೈಯಾರೆ ಮುಚ್ಚಿದೆನಲ್ಲೋ, ದಿನಾ. ನಿನಗೆ ಇಷ್ಟ ಅಂದ್ಕೊಂಡಿದ್ದೆ. ಊರಿನ ಮುಂದೆ ಮೆರೆಸ್ತಿದ್ದೆ. ಅಮ್ಮನಾಣೆ, ಇನ್ನು ನಿನ್ನನ್ನ ಪೆಟ್ಟಿಗೆ ಹತ್ರ ಬಿಡಲ್ಲ. ಕುಲುಮೆ ಬಾಗಿಲಲ್ಲಿ ಬಿಸಿಲಿಗೆ ಕೂತಿರು, ಸಾಕು. ಹೇಳೋ ತಮ್ಮಾ. ಏನಾದ್ರೂ ಹೇಳು. ಈಗ ನಿನಗೇನು ಬೇಕು?"

ಸಿಲ್ವೇರಿಯೊ ಬಾಯಿ ತೆರೆದ. ಮೊದಲು ಗಾಳಿ ಬಂತು, ಆಮೇಲೆ ಬಿಕ್ಕಳಿಕೆ. ಆಮೇಲೆ ದನಿ ಬಂತು.

"ಟಾರ್ಚಿಗೆ ಹೊಸ ಸೆಲ್ಲು ಬೇಕು ಅಣ್ಣ. ಬೆರಾರ್ದಿನೊ ಅವರ ನಾಲಗೆ ಕೊಂಡಿ ಮುಟ್ಟದೆ ಅರ್ಧ ಬೆರಳು ಈಚೆಗೇ ನಿಂತಿತ್ತು, ಅವರ ಬೀಗ ಬಿದ್ದೇ ಇರಲಿಲ್ಲ. ಮಿಕ್ಕೆರಡು ಕೀಲಿ ತಿರುಗಿಸಿದ್ರೆ ಆಗಲೇ ಮುಚ್ಚಳ ಏಳ್ತಿತ್ತು. ಊಟಕ್ಕೆ ಮುಂಚೆ ಇನ್ನೊಂದ್ಸಲ ಒಳಗೆ ಇಳಿದು ಸರಿಮಾಡಿಬಿಡ್ತೀನಿ."